ಕೋಟೆ ಇಲ್ಲದ ಬೆಟ್ಟದ ಊರು: ಸಂಗನಕಲ್ಲು

ಮಂಗಳೂರಿನವರಿಗೆ ಬೆಟ್ಟದ ಮೇಲಿನ ಕೋಟೆ ಅಂದ್ರೆ ಮೊದಲು ನೆನಪಾಗೋದು ಬೆಳ್ತಂಗಡಿಯ ಗಡಾಯಿಕಲ್ಲು. ಅಲ್ಲಿನ ಕೋಟೆಯನ್ನು 1794ರಲ್ಲಿ ಟಿಪ್ಪು ಕಟ್ಟಿಸಿದ. ಗೋಡೆ ಕಂಡ ಕೂಡಲೇ ನಮಗೆ ರಾಜ, ಯುದ್ಧ, ಫಿರಂಗಿ ನೆನಪಾಗುತ್ತೆ. ಆದರೆ ರಾಜರೇ ಇಲ್ಲದ ಕಾಲದಲ್ಲಿ ಬೆಟ್ಟದ ಮೇಲೆ ಊರು ಮಾಡಿದವರೂ ಇದ್ದರು. ಅವರನ್ನು ನೋಡೋಕೆ ಇವತ್ತು ಬಳ್ಳಾರಿಗೆ ಹೋಗೋಣ.

ಬಳ್ಳಾರಿ ನಗರದ ಗುಡ್ಡದ ಮೇಲೊಂದು ಕೋಟೆ ಉಂಟು, ಎಲ್ಲರೂ ನೋಡ್ತಾರೆ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಸಂಗನಕಲ್ಲು. ಇಲ್ಲಿ ಕೋಟೆ ಇಲ್ಲ, ಬುರುಜಿಲ್ಲ. ದೂರದಿಂದ ನೋಡಿದರೆ ಬರೀ ಬಂಡೆಗಳ ರಾಶಿ. ಆದರೆ ಸುಮಾರು 3,500 ವರ್ಷಗಳ ಹಿಂದೆ ಈ ಬೆಟ್ಟಗಳ ಮೇಲೆ ಜನ ಗುಡಿಸಲು ಕಟ್ಟಿ, ದನ ಸಾಕಿ ಬದುಕುತ್ತಿದ್ದರು.

ಬೆಟ್ಟವನ್ನೇ ಯಾಕೆ ಆರಿಸಿಕೊಂಡರು? ಒಂದು ಕಾರಣ ಕಲ್ಲಿನಲ್ಲೇ ಉಂಟು. ಇಲ್ಲಿನ ಹಿರೇಗುಡ್ಡದ ಗ್ರಾನೈಟ್ ನಡುವೆ ಡಾಲರೈಟ್ ಅನ್ನೋ ಕಪ್ಪು ಕಲ್ಲಿನ ಪಟ್ಟಿ ಹಾದುಹೋಗಿದೆ. ಅದನ್ನು ಒಡೆದು, ಕೆತ್ತಿ, ಬಂಡೆಗೆ ಉಜ್ಜಿ ಕೊಡಲಿ ಮಾಡುತ್ತಿದ್ದರು. ಅದೊಂದು ದೊಡ್ಡ ಕಾರ್ಖಾನೆಯೇ! ಕೆತ್ತುವಾಗ ಹಾರಿದ ಚಕ್ಕೆಗಳು, ಉಜ್ಜಿ ಉಜ್ಜಿ ಸವೆದ ಬಂಡೆಯ ಗುಳಿಗಳು ಅಲ್ಲೇ ಉಳಿದಿವೆ. ಕಪ್ಪಗಲ್ಲು ಅಂತಲೂ ಕರೆಯುವ ಇದೇ ಬೆಟ್ಟದಲ್ಲಿ ಗೂಳಿಗಳ ಚಿತ್ರ ಕೊರೆದ ಬಂಡೆಗಳೂ ಇವೆ, ಕಲ್ಲಿನಿಂದ ಬಡಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳೂ ಇವೆ.

ಅವರು ಏನು ತಿನ್ನುತ್ತಿದ್ದರು ಅನ್ನೋದೂ ಗೊತ್ತಾಗಿದೆ. ಅಗೆದ ಮಣ್ಣನ್ನು ನೀರಿಗೆ ಹಾಕಿ ಕದಡಿದರೆ ಸುಟ್ಟು ಕರಿಯಾದ ಕಾಳುಗಳು ತೇಲಿ ಬರ್ತವೆ. ಹಾಗೆ ಸಿಕ್ಕಿದ್ದು ಹುರುಳಿ, ಹೆಸರು, ಕಿರುಧಾನ್ಯ. ಹುರುಳಿ ಅಂದ್ರೆ ನಮ್ಮ ತುಳುವಿನ ಕುಡು! ಮನೆಯಲ್ಲಿ ಇವತ್ತು ಕುದಿಯುವ ಸಾರಿನ ಕಾಳು ಆಗಲೇ ಅವರ ಒಲೆಯ ಮೇಲಿತ್ತು.

19ನೇ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಜಾಗದ ಮಹತ್ವ ಗುರುತಿಸಿದ. 1940ರ ದಶಕದಲ್ಲಿ ಬಿ. ಸುಬ್ಬರಾವ್ ಉತ್ಖನನ ಮಾಡಿದರು. ಆಮೇಲೆ ಬೇರೆ ತಂಡಗಳೂ ಬಂದವು. ಅಷ್ಟರಲ್ಲಿ ಇನ್ನೊಂದು ಗುಂಪೂ ಬಂತು: ಗ್ರಾನೈಟ್ ಕ್ವಾರಿಯವರು.

ನೋಡಿ, ಕೋಟೆಯ ಒಂದು ಗೋಡೆ ಬಿದ್ದರೆ ಸುದ್ದಿಯಾಗುತ್ತೆ. ಇಲ್ಲಿ ಬಂಡೆ ಒಡೆದರೆ ಕಲ್ಲು ಹೋಯಿತು ಅಂತಾರೆ, ಚರಿತ್ರೆ ಹೋಯಿತು ಅನ್ನುವವರು ಕಡಿಮೆ. ಬಳ್ಳಾರಿಯಲ್ಲಿ ಫೂಟ್ ಹೆಸರಿನ ಮ್ಯೂಸಿಯಂ ಇದೆ, ಅಲ್ಲಿ ಕೊಡಲಿಗಳನ್ನು ನೋಡಬಹುದು. ಆದರೆ ಕೊಡಲಿ ಉಜ್ಜಿದ ಬೆಟ್ಟವನ್ನು ಮ್ಯೂಸಿಯಂ ಒಳಗೆ ತಂದಿಡೋಕೆ ಆಗಲ್ಲ. ಅದು ಇದ್ದಲ್ಲೇ ಉಳಿಯಬೇಕು.