ಕುಮಟಗಿಯ ಬೇಸಿಗೆ ಮನೆ

ನನ್ನ ಪಿಎಚ್.ಡಿ. ಅಧ್ಯಯನ ಗದಗ ಸೀಮೆಯ ಕಟ್ಟಡಗಳ ಮೇಲಿನದು. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ, ಶಂಖ ಬಸದಿ, ಆದಿಲ್‌ಶಾಹಿ ಅಧಿಕಾರಿ ಅಂಕುಶಖಾನ 1617ರಲ್ಲಿ ಕಟ್ಟಿಸಿದ ಜಾಮಿಯಾ ಮಸೀದಿ, ಡಂಬಳದ ದೊಡ್ಡಬಸಪ್ಪ ಗುಡಿ ಹೀಗೆ ಪಟ್ಟಿ ಮಾಡುತ್ತ ಹೋದಾಗ ಒಂದು ವಿಷಯ ಕಾಡತೊಡಗಿತು. ನಾವು ಬರೆಯುವ ವಾಸ್ತುಚರಿತ್ರೆಯೆಲ್ಲ ಹೆಚ್ಚುಕಡಿಮೆ ದೇವರ ಮನೆಗಳದ್ದೇ. ಆ ಕಾಲದ ಮನುಷ್ಯರು ಏಪ್ರಿಲ್ ತಿಂಗಳ ಬಿಸಿಲಿಗೆ ಏನು ಮಾಡುತ್ತಿದ್ದರು?

ಈ ಪ್ರಶ್ನೆ ಇಟ್ಟುಕೊಂಡೇ ಗದಗದಿಂದ ರೈಲು ಹತ್ತಿ ವಿಜಯಪುರಕ್ಕೆ ಹೋದೆ. ಅಲ್ಲಿಂದ ಸಿಂದಗಿ ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್ ದೂರದಲ್ಲಿದೆ ಕುಮಟಗಿ. ಅಂಕುಶಖಾನನ ಒಡೆಯರಾದ ಆದಿಲ್‌ಶಾಹಿ ಸುಲ್ತಾನರು ಊರಾಚೆ ಬಯಲಿನಲ್ಲಿ, ಕೆರೆಯ ಮಗ್ಗುಲಲ್ಲಿ, ತಂಪಿಗಾಗಿ ಕಟ್ಟಿಸಿಕೊಂಡ ವಿಹಾರಮನೆಗಳು ಇಲ್ಲಿವೆ. ಈಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಪಾಳು ಕಟ್ಟಡಗಳವು.

ಚೌಕಾಕಾರದ ಹೊಂಡದ ನಡುವೆ ಒಂದು ಮಂಟಪ. ಅದಕ್ಕೆ ಹೋಗಲು ದಂಡೆಯಿಂದ ಕಲ್ಲಿನ ಹಾದಿ. ಕೋಟೆಯ ಗತ್ತಾಗಲಿ ಗೋಳಗುಮ್ಮಟದ ಗಾತ್ರವಾಗಲಿ ಇದಕ್ಕಿಲ್ಲ. ಇದರ ಹೆಚ್ಚುಗಾರಿಕೆ ಇರುವುದು ಗೋಡೆಯೊಳಗೆ. ಗಾರೆಯಲ್ಲಿ ಹುದುಗಿಸಿದ ಕೊಳವೆಗಳ ಮೂಲಕ ನೀರು ಹರಿದು ಬಂದು ಹೊರಚಾಚಿದ ದೋಣಿಗಳಿಂದ ಹೊಂಡಕ್ಕೆ ಸುರಿಯುತ್ತಿತ್ತು. ಸ್ನಾನಕ್ಕೆ ಮೇಲಿನಿಂದ ತುಂತುರಾಗಿ ಬೀಳುವ ಏರ್ಪಾಡೂ ಇತ್ತು. ಒಣಗಾಳಿ ಈ ನೀರನ್ನು ಹಾಯ್ದು ಒಳಗೆ ಬರುವಾಗ ತಣ್ಣಗಾಗುತ್ತಿತ್ತು. ಎರಿಭೂಮಿಯ ಬೇಸಿಗೆಯನ್ನು ಬಲ್ಲವರಿಗೆ ಇದರ ಸುಖ ಬಿಡಿಸಿ ಹೇಳಬೇಕಿಲ್ಲ.

ಈ ಜಾಣತನ ಕುಮಟಗಿಯಲ್ಲಿ ಮಾತ್ರ ಇದ್ದದ್ದಲ್ಲ. ವಿಜಯಪುರ ನಗರಕ್ಕೆ ತೊರವಿಯಿಂದ ಸುರಂಗದಲ್ಲಿ ನೀರು ಬರುತ್ತಿತ್ತು. ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1651ರಲ್ಲಿ, ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಸಲಾಯಿತು. ದಾರಿಯುದ್ದಕ್ಕೂ ಕಟ್ಟಿದ 'ಗಂಜ್' ಎಂಬ ಗೋಪುರಗಳು ನೀರಿನ ಒತ್ತಡ ತಗ್ಗಿಸಿ, ಕೆಸರು ತಳಕ್ಕೆ ಕೂರಲು ಬಿಡುತ್ತಿದ್ದವು. ಊರಿನ ದಾಹ ತೀರಿಸಲು ಬೆಳೆದ ವಿದ್ಯೆಯನ್ನೇ ಕುಮಟಗಿಯಲ್ಲಿ ಅರಸರ ವಿಹಾರಕ್ಕೂ ಬಳಸಿದ್ದಾರೆ.

ದಂಡೆಯ ಇನ್ನೊಂದು ಕಟ್ಟಡದ ಗೋಡೆಗಳಲ್ಲಿ ಚಿತ್ರಗಳಿದ್ದವು. ಹೆನ್ರಿ ಕಸಿನ್ಸ್ 1916ರಲ್ಲಿ ಪ್ರಕಟವಾದ ತನ್ನ ಬಿಜಾಪುರದ ವಾಸ್ತು ಕುರಿತ ಗ್ರಂಥದಲ್ಲಿ ಅವನ್ನು ದಾಖಲಿಸಿದ್ದಾನೆ: ಕುದುರೆಯೇರಿ ಚೆಂಡಾಡುವವರು, ಕುಸ್ತಿಪಟುಗಳು, ವಾದ್ಯ ನುಡಿಸುವವರು, ಯುರೋಪಿನ ಉಡುಪು ತೊಟ್ಟವರು. ಗೋವೆಯ ಪೋರ್ಚುಗೀಸರ ಜೊತೆ ವಿಜಯಪುರಕ್ಕಿದ್ದ ನಂಟು ನೆನೆದರೆ ಆ ಉಡುಪು ಅಚ್ಚರಿಯಲ್ಲ. ಈಗ ಬಣ್ಣ ಬಹುಪಾಲು ಉದುರಿದೆ. ಗೀರಿದ ಹೆಸರುಗಳ ನಡುವೆ ಒಂದು ಕುದುರೆಯ ಬೆನ್ನಿನ ಗೆರೆಯನ್ನು ಹುಡುಕುತ್ತ ನಾನು ಬಹಳ ಹೊತ್ತು ನಿಂತಿದ್ದೆ.

ಹೊರಗೆ ಆಡು ಮೇಯಿಸುತ್ತಿದ್ದ ಅಜ್ಜ ಕೇಳಿದರು, "ಯಾವೂರವಾ ನಿಂದು?"

"ಗದಗರೀ ಅಜ್ಜಾ. ಈ ಮಹಾಲ್ ನೋಡಾಕ ಬಂದೀನಿ."

"ರಾಜರು ಜಳಕಾ ಮಾಡ್ತಿದ್ರಂತ. ಬಂದವರೆಲ್ಲ ಅದನ್ನ ಹೇಳ್ತಾರ. ಅಷ್ಟ ಎತ್ತರಕ್ಕ ನೀರು ಹತ್ತಿಸಿದವರು ಯಾರಂತ?"

ನನ್ನ ಟಿಪ್ಪಣಿ ಪುಸ್ತಕದಲ್ಲಿ ಕಮಾನಿನ ಅಳತೆಯಿತ್ತು, ಕೊಳವೆಯ ನಕ್ಷೆಯಿತ್ತು. ಈ ಪ್ರಶ್ನೆ ಇರಲಿಲ್ಲ. ನೀರು ತಾನಾಗಿ ಮೇಲೇರುವುದಿಲ್ಲ. ದೋಣಿಯಿಂದ ಸುರಿಯಬೇಕಾದರೆ ಮೊದಲು ಗೋಪುರದ ತೊಟ್ಟಿ ತುಂಬಬೇಕು. ಅದು ಯಾರದೋ ತೋಳಿನ, ಎತ್ತಿನ ಹೆಗಲಿನ ದುಡಿಮೆ. ಅರಸರಿಗೆ ತಂಪಾದ ಆ ಹೊತ್ತಿನಲ್ಲೇ ಅವರು ಬಿಸಿಲಲ್ಲಿ ನಿಂತಿದ್ದರು. ಚೆಂಡಾಡಿದವನೂ ಕುಸ್ತಿಯಾಡಿದವನೂ ಗೋಡೆ ಸೇರಿದರು. ನೀರೆತ್ತಿದವರ ಗುರುತಾಗಿ ಉಳಿದಿರುವುದು ಆ ಖಾಲಿ ಕೊಳವೆಗಳಷ್ಟೇ.

ನಮ್ಮ ಸೀಮೆಯಲ್ಲಿ ಕೆರೆ ಎಂದರೆ ಹೊಲ, ದನಕರು, ಕುಡಿಯುವ ನೀರು. ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳೂ ಬರುತ್ತವೆ. ನೀರು ಇಷ್ಟು ಜನರಿಗೆ ಬೇಕಾದ ನಾಡಿನಲ್ಲಿ ವಿಹಾರಕ್ಕಾಗಿ ಅದನ್ನು ಮೇಲೆತ್ತಿ ಮತ್ತೆ ಕೆಳಗೆ ಸುರಿಯುವುದು ಅಧಿಕಾರದ ಪ್ರದರ್ಶನವೂ ಹೌದು. ಹಾಗೆಂದು ಆ ಕಟ್ಟಡದ ಚೆಲುವನ್ನು ಅಲ್ಲಗಳೆಯಲು ನನಗಾಗುವುದಿಲ್ಲ. ಅದನ್ನು ಸಾಧ್ಯವಾಗಿಸಿದ ಕುಶಲಿಗಳೂ ಇದೇ ನೆಲದಲ್ಲಿ ದುಡಿದವರೇ.

1686ರಲ್ಲಿ ಔರಂಗಜೇಬ ವಿಜಯಪುರವನ್ನು ಗೆದ್ದ ಮೇಲೆ ಸುಲ್ತಾನರ ಆಳ್ವಿಕೆ ಮುಗಿಯಿತು. ಗುಡಿ ಮಸೀದಿಗಳಿಗೆ ಅರಸರು ಹೋದರೂ ಭಕ್ತರು ಉಳಿಯುತ್ತಾರೆ. ಲಕ್ಷ್ಮೇಶ್ವರದ ಮಸೀದಿಯಲ್ಲಿ ಇಂದಿಗೂ ನಮಾಜು ನಡೆಯುತ್ತದೆ. ಬೇಸಿಗೆ ಮನೆಗೆ ಭಕ್ತರಿಲ್ಲ. ಅದಕ್ಕೇ ಅದು ಬೇಗ ಪಾಳಾಗುತ್ತದೆ, ನಮ್ಮ ಅಧ್ಯಯನದ ಪಟ್ಟಿಗಳಿಂದಲೂ ಬಿಟ್ಟುಹೋಗುತ್ತದೆ.

ಊರಿಗೆ ಮರಳಿದ ಮೇಲೆ ನನ್ನ ಪ್ರಬಂಧದ ನಮೂನೆಯಲ್ಲಿ ಒಂದು ಅಂಕಣ ಸೇರಿಸಿದೆ. ಕಟ್ಟಿಸಿದವರು, ಕಾಲ, ಶೈಲಿ ಇವುಗಳ ಪಕ್ಕದಲ್ಲಿ ಈಗ 'ನೀರು ತಂದವರು' ಎಂದಿದೆ. ಬಹುತೇಕ ಸಾಲುಗಳು ಇನ್ನೂ ಖಾಲಿ.