ತಾಮ್ರಪಟದಿಂದ ಮೇಘದವರೆಗೆ

ಗುಬ್ಬಿ ತಾಲ್ಲೂಕಿನ ಕಡಬವು ತನ್ನ ದೊಡ್ಡ ಕೆರೆಯಿಂದ ಹೇಗೋ, ಇತಿಹಾಸಾಸಕ್ತರಲ್ಲಿ ತನ್ನ ತಾಮ್ರಶಾಸನದಿಂದಲೂ ಹಾಗೆಯೇ ಪ್ರಸಿದ್ಧವಾಗಿದೆ. ಶಕವರ್ಷ 735ರ, ಎಂದರೆ ಕ್ರಿ. ಶ. 812ರ ಸುಮಾರಿನ ಈ ಪಟಗಳಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಗೋವಿಂದನು ಜಾಲಮಂಗಲವೆಂಬ ಗ್ರಾಮವನ್ನು ಅರ್ಕಕೀರ್ತಿಯೆಂಬ ಜೈನಮುನಿಗೆ ದತ್ತಿಬಿಟ್ಟ ಸಂಗತಿಯುಂಟು. ಅದರಲ್ಲಿ ಬರುವ ಕುನುಂಗಿಲ್ ದೇಶವು ನಮ್ಮ ಕುಣಿಗಲ ಸೀಮೆಯೇ. ದಾನ ಪಡೆದವರು ಇಂಥ ಪಟಗಳನ್ನು ತಮ್ಮ ವಶದಲ್ಲಿಯೇ ಇಟ್ಟುಕೊಳ್ಳುತ್ತಿದ್ದುದು ವಾಡಿಕೆ. ಹಕ್ಕು ಯಾರದೋ ದಾಖಲೆಯೂ ಅವರ ಕೈಯಲ್ಲಿಯೇ.

ವರ್ತಕರ ಲೆಕ್ಕದ ರೀತಿಯೂ ಇದೇ ಆಗಿದ್ದಿತು. ಹುಣಿಸೆಬೀಜದ ಅಂಟಿನಲ್ಲಿ ಇದ್ದಿಲಪುಡಿಯನ್ನು ಕಲಸಿ, ಬಟ್ಟೆಗೆ ಬಳಿದು, ಒಣಗಿಸಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತವನ್ನು ನಮ್ಮ ಹಿರಿಯರು ಬಲ್ಲರು. ತಪ್ಪಾದರೆ ಅಳಿಸಿ ಮರಳಿ ಬರೆಯಬಹುದಾಗಿದ್ದಿತು. ಬೆಂಕಿ ಬಿದ್ದರೆ ಮಾತ್ರ ಬರಬೇಕಾದ ಬಾಕಿಯ ಗುರುತೇ ಉಳಿಯುತ್ತಿರಲಿಲ್ಲ. ತರುವಾಯ ಖಾತೆಪುಸ್ತಕಗಳೂ, ಕಡೆಗೆ ಗಣಕಯಂತ್ರವೂ ಬಂದವು. ಆದರೆ ಯಂತ್ರಕ್ಕೆ ಮೊದಲೇ ಬಂಡವಾಳ ಹೂಡಬೇಕು. ಕೆಟ್ಟರೆ ರಿಪೇರಿಗೆ ಪೇಟೆಯಿಂದ ಜನ ಬರಬೇಕು.

2006ರಲ್ಲಿ ಅಮೆಜಾನ್ ಸಂಸ್ಥೆಯು ದೂರದಲ್ಲಿರುವ ತನ್ನ ಗಣಕಗಳನ್ನು, ಬಳಸಿದಷ್ಟಕ್ಕೆ ಮಾತ್ರ ಹಣ ಪಡೆದು, ಬಾಡಿಗೆಗೆ ಕೊಡತೊಡಗಿತು. ಕ್ಲೌಡ್, ಎಂದರೆ ಮೇಘ, ಎಂದು ಇದಕ್ಕೆ ಹೆಸರು. ಹೆಸರು ಮೇಘವಾದರೂ ಯಂತ್ರಗಳಿರುವುದು ನೆಲದ ಮೇಲೆಯೇ! ಇದರ ತತ್ತ್ವವು ಕನ್ನಡಿಗರಿಗೆ ಹೊಸದಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಗಣಿಗಳಿಗೂ 1905ರಲ್ಲಿ ಬೆಂಗಳೂರಿಗೂ ಹರಿಯಿತಷ್ಟೆ. ಅಂತಹ ತಂತಿ ಊರಿಗೆ ಬಂದ ಮೇಲೆ ಸಣ್ಣ ಗಿರಣಿಯವನು ಸ್ವಂತ ಉಗಿಯಂತ್ರವನ್ನು ಕೊಳ್ಳಬೇಕಾಗಲಿಲ್ಲ.

ಒಂದೇ ಗಣಕಜಾಲವನ್ನು ಹಲವರು ಹಂಚಿಕೊಂಡುದರ ಫಲವನ್ನು ನಮ್ಮ ಸಂತೆಪೇಟೆಗಳಲ್ಲಿಯೇ ನೋಡಬಹುದು. 2014ರಲ್ಲಿ ಕರ್ನಾಟಕ ಸರಕಾರವು ಕೃಷಿ ಮಾರುಕಟ್ಟೆಗಳನ್ನು ಏಕೀಕೃತ ಮಾರುಕಟ್ಟೆ ವೇದಿಕೆಗೆ ಸೇರಿಸಲಾರಂಭಿಸಿತು. ಅದಕ್ಕೆ ಮೊದಲು ಟೆಂಡರ್ ಚೀಟಿ ಹಾಕುವ ವರ್ತಕನು ಪ್ರಾಂಗಣದಲ್ಲಿಯೇ ಇರಬೇಕಾಗಿದ್ದಿತು. ಆಮೇಲೆ ಪರಸ್ಥಳದಿಂದಲೂ ಬೆಲೆ ಸೂಚಿಸಬಹುದಾಯಿತು. 2020ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಂತೆ ಇದರಿಂದ ಬತ್ತದ ಬೆಲೆಯು ನೂರಕ್ಕೆ 5.1, ನೆಲಗಡಲೆಯದು 3.6, ಮುಸುಕಿನ ಜೋಳದ್ದು 3.5ರಷ್ಟು ಏರಿತು. ಹತ್ತಿ, ಹೆಸರು, ತೊಗರಿಗಳಲ್ಲಿ ಗಣನೀಯವಾದ ವ್ಯತ್ಯಾಸವೇನೂ ಕಾಣಲಿಲ್ಲ. ಜಾಲವೊಂದಿದ್ದರೆ ಸಾಲದೆಂಬುದಕ್ಕೆ ಇದೇ ಸಾಕ್ಷಿ. ಕಾಣದ ಸರಕಿನ ಗುಣವನ್ನು ದೂರದ ಕೊಳ್ಳುವವನು ನಂಬುವಂತೆ ಪರೀಕ್ಷಿಸಿ ಹೇಳುವವರು ಬೇಡವೆ?

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲಂತೂ, ಅದರಲ್ಲಿ ನೋಂದಾಯಿತನಾದ ಸಣ್ಣ ವರ್ತಕನೂ ತನ್ನ ಲೆಕ್ಕವನ್ನು ಜಾಲದ ಮೂಲಕವೇ ಒಪ್ಪಿಸಬೇಕಾಗಿದೆ. ಬೆಂಕಿಯ ಭಯವೇನೋ ಕಳೆಯಿತು. ಆದರೆ ಈಗ ಪಟವಿರುವುದು ಪರರ ಭಂಡಾರದಲ್ಲಿ. ಬಾಡಿಗೆ ನಿಂತ ದಿನ ಲೆಕ್ಕವನ್ನು ಯಾವ ರೂಪದಲ್ಲಿ, ಎಷ್ಟು ದಿನಗಳೊಳಗೆ ಹಿಂದಿರುಗಿಸುವರೆಂಬುದು ಕರಾರಿನಲ್ಲಿರುತ್ತದೆ. ಆ ಕರಾರು ಬಹುಮಟ್ಟಿಗೆ ಇಂಗ್ಲಿಷಿನಲ್ಲಿದೆ.