ಪರವಾನಗಿಯ ಮೇಲಿನ ವಿಳಾಸ

ಚಾಲನಾ ಪರವಾನಗಿಯಲ್ಲಿ ಹೆಸರು, ಭಾವಚಿತ್ರ, ಜನ್ಮದಿನಾಂಕಗಳ ಜೊತೆಗೆ ವಿಳಾಸವೂ ಇರುವುದನ್ನು ನಾವು ಸಹಜವೆಂದೇ ಭಾವಿಸಿದ್ದೇವೆ. ಆ ಎರಡು ಮೂರು ಸಾಲುಗಳ ಭಾರ ತಿಳಿಯುವುದು ಮನೆ ಬದಲಾಯಿಸಿದಾಗ. ಇದೊಂದು ತೊಡಕಾಗಿ ಬೆಳೆದದ್ದು ಹೇಗೆಂದು ಯೋಚಿಸಿದಾಗ ನನಗೆ ತೋರಿದ ಕಾರಣ ಸ್ವಲ್ಪ ವಿಚಿತ್ರವಾದದ್ದು: ಪರವಾನಗಿಯ ಆಯುಷ್ಯ ಹೆಚ್ಚಿದ್ದೇ ಅದಕ್ಕೆ ಮೂಲ.

ಬ್ರಿಟಿಷ್ ಇಂಡಿಯಾಕ್ಕೆ ಮೋಟಾರು ವಾಹನಗಳ ಮೊದಲ ಸಮಗ್ರ ಕಾಯಿದೆ ಬಂದದ್ದು 1914ರಲ್ಲಿ. ಆಗ ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡಕ್ಕೂ ಮದರಾಸು ಪ್ರಾಂತದಲ್ಲಿದ್ದ ಮಂಗಳೂರಿಗೂ ಅದು ಅನ್ವಯಿಸುತ್ತಿತ್ತು. ಮೈಸೂರು ಸಂಸ್ಥಾನ ಅದರ ವ್ಯಾಪ್ತಿಯ ಹೊರಗಿತ್ತು. ಅನಂತರ ಬಂದ 1939ರ ಕಾಯಿದೆಯ ಮೂಲಪಾಠದಂತೆ ಪರವಾನಗಿಗೆ ಹನ್ನೆರಡು ತಿಂಗಳ ಬಾಳಿಕೆ ಮಾತ್ರ. ಪ್ರತಿವರ್ಷ ಕಚೇರಿಯ ಮೆಟ್ಟಿಲು ಹತ್ತುವುದು ಬೇಸರದ ಕೆಲಸವೇ ಸರಿ. ಆದರೆ ನವೀಕರಣದ ದಿನವೇ ಹೊಸ ಮನೆಯ ವಿಷಯವನ್ನೂ ತಿಳಿಸಬಹುದಿತ್ತು.

1988ರ ಕಾಯಿದೆ 1989ರ ಜುಲೈ 1ರಂದು ಜಾರಿಗೆ ಬಂದಿತು. ಸ್ವಂತ ವಾಹನ ನಡೆಸುವವರಿಗೆ ಇಪ್ಪತ್ತು ವರ್ಷ ಅಥವಾ ನಲವತ್ತರ ವಯಸ್ಸು, ಯಾವುದು ಮೊದಲೋ ಅಲ್ಲಿಯವರೆಗೆ ಪರವಾನಗಿ ನಡೆಯಿತು. 1994ರ ತಿದ್ದುಪಡಿ ಆ ನಲವತ್ತನ್ನು ಐವತ್ತಾಗಿಸಿತು. ಜನರಿಗೆ ಇದು ದೊಡ್ಡ ಉಪಕಾರ. ಆದರೆ ಇಪ್ಪತ್ತು ವರ್ಷ ಒಂದೇ ಮನೆಯಲ್ಲಿ ಇರುವವರು ಎಷ್ಟು ಮಂದಿ? ನಮ್ಮಂಥ ಸರಕಾರಿ ಮೇಷ್ಟರಿಗೆ ಅಷ್ಟರಲ್ಲಿ ನಾಲ್ಕು ವರ್ಗಾವಣೆಗಳಾದರೂ ಆಗಿರುತ್ತಿದ್ದವು.

ನಾನು ಹಾಸನದಲ್ಲಿ ಪರವಾನಗಿ ಪಡೆದವನು. ಬೇರೊಂದು ಜಿಲ್ಲೆಗೆ ವರ್ಗವಾದ ಮೇಲೆ ಅಲ್ಲಿಯ ಕಚೇರಿಗೆ ಹೋದರೆ, ಮೊದಲ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತನ್ನಿ ಎಂದರು. ಎರಡು ದಿನ ರಜೆ ಹಾಕಿ ತಂದೆ. ಹೊಸ ವಿಳಾಸಕ್ಕೆ ಪುರಾವೆ ಎಲ್ಲಿ ಎಂಬುದು ಮುಂದಿನ ಪ್ರಶ್ನೆ. ಬಾಡಿಗೆಯ ಮನೆ, ಕರಾರುಪತ್ರ ಬರೆದುಕೊಡಲು ಮಾಲೀಕರಿಗೆ ಮನಸ್ಸಿಲ್ಲ. 1989ರ ಕೇಂದ್ರ ನಿಯಮಾವಳಿಯ ನಾಲ್ಕನೆಯ ನಿಯಮ ಒಪ್ಪುವ ದಾಖಲೆಗಳಲ್ಲಿ ಮತದಾರರ ಪಟ್ಟಿ, ಜೀವವಿಮೆಯ ಪಾಲಿಸಿ, ಪಾಸ್‌ಪೋರ್ಟುಗಳ ಜೊತೆಗೆ ಸರಕಾರಿ ಕಚೇರಿಯ ವೇತನ ಚೀಟಿಯೂ ಸೇರಿದ್ದುದು ನನ್ನನ್ನು ಪಾರುಮಾಡಿತು. ಪಕ್ಕದ ಮನೆಯ ದರ್ಜಿಗೆ ವೇತನ ಚೀಟಿ ಎಲ್ಲಿಂದ ಬರಬೇಕು? ಅವರು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಬೇಕಾಯಿತು. ಒಂದು ದಿನದ ಹೊಲಿಗೆ ನಿಂತಿತು, ಖರ್ಚು ಬೇರೆ.

ಸೂಕ್ಷ್ಮವಿರುವುದು ಇಲ್ಲಿಯೇ. ಬ್ಯಾಂಕಿನಲ್ಲಿ ಖಾತೆ ತೆರೆಯಲು ಹೋದರೆ ವಿಳಾಸದ ಪುರಾವೆಯೆಂದು ಕೇಳುತ್ತಿದ್ದುದು ಅನೇಕ ಬಾರಿ ಈ ಪರವಾನಗಿಯನ್ನೇ! ಪುರಾವೆಯಿಲ್ಲದೆ ಪರವಾನಗಿ ತಿದ್ದಲಾಗದು, ಪರವಾನಗಿ ತಿದ್ದದೆ ಪುರಾವೆಯಿಲ್ಲ. ಈ ಸುಳಿಯಲ್ಲಿ ಸಿಕ್ಕವರು ಮುಖ್ಯವಾಗಿ ಬಾಡಿಗೆದಾರರು ಮತ್ತು ಮದುವೆಯಾಗಿ ಊರು ಬಿಟ್ಟುಬಂದ ಹೆಣ್ಣುಮಕ್ಕಳು. ಎಷ್ಟೋ ಮಂದಿ ಗೋಜೇ ಬೇಡವೆಂದು ತವರಿನ ವಿಳಾಸವನ್ನೇ ಉಳಿಸಿಕೊಂಡರು.

ಮುಂದಿನ ಬದಲಾವಣೆಗಳು ಬೇಗ ಬೇಗನೆ ಬಂದವು. ಕಚೇರಿಗಳ ದಾಖಲೆಗಳು ‘ಸಾರಥಿ’ ಎಂಬ ಗಣಕ ವ್ಯವಸ್ಥೆಗೆ ಸೇರಿದವು. 2016ರ ಡಿಸೆಂಬರಿನಲ್ಲಿ ಪರಿಷ್ಕೃತವಾದ ಕೇಂದ್ರದ ಶುಲ್ಕಪಟ್ಟಿಯಲ್ಲಿ ವಿಳಾಸ ಬದಲಾವಣೆಗೆ 200 ರೂಪಾಯಿ ಗೊತ್ತಾಯಿತು. 2021ರ ಮಾರ್ಚಿನಲ್ಲಿ ಆಧಾರ್ ದೃಢೀಕರಣದ ಮೂಲಕ ಮನೆಯಿಂದಲೇ ಪಡೆಯಬಹುದಾದ ಹದಿನೆಂಟು ಸೇವೆಗಳನ್ನು ಕೇಂದ್ರ ಸರಕಾರ ಪ್ರಕಟಿಸಿದಾಗ ಇದೂ ಅವುಗಳಲ್ಲಿ ಒಂದಾಗಿತ್ತು. ಆಧಾರಿನಲ್ಲಿಯೇ ಹಳೆಯ ಮನೆ ಇದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು. ಹಳೆಯ ಸುಳಿ ಪೂರ್ತಿ ಮಾಯವಾಗಿಲ್ಲ. ವಾಹನದ ನೋಂದಣಿ ಪತ್ರದ ವಿಷಯ ಬೇರೆ. ಅದರ ಮಾಲೀಕರು ಮನೆ ಬದಲಾಯಿಸಿದ ಮೂವತ್ತು ದಿನಗಳೊಳಗೆ ತಿಳಿಸಬೇಕೆಂದು 49ನೆಯ ಕಲಮು ಹೇಳುತ್ತದೆ. ಎರಡನ್ನೂ ಒಂದೇ ಎಂದು ತಿಳಿದು ಒಂದನ್ನು ಮರೆಯುವವರು ಬಹಳ.

ನಿವೃತ್ತಿಯ ನಂತರ ಮಗನ ಊರಿಗೆ ಬಂದ ನನ್ನ ಕಾರ್ಡಿನಲ್ಲಿ ಈಗ ಈ ಮನೆಯ ವಿಳಾಸವಿದೆ. ಸಂಖ್ಯೆಯ ಆರಂಭದಲ್ಲಿ ಮಾತ್ರ ಕೆಎ 13, ಹಾಸನದ ಗುರುತು, ಹಾಗೆಯೇ ಉಳಿದಿದೆ.